ಮಲ್ಲಟದಲ್ಲಿ ನಿಂತ ಮೋಟಾರು

ಮಾನ್ವಿಯ ಬಸವಂತಮ್ಮನ ಎತ್ತುಗಳ ಕೊರಳಿಗೆ ಗೆಜ್ಜೆಸರ ಕಟ್ಟಿದವರು ಯಾರೋ ಏನೋ, ಅದರ ಸದ್ದು ಮಾತ್ರ ರಾಯಚೂರಿನಲ್ಲಿದ್ದ ಅವಳ ತಂಗಿ ಪಾರ್ವತೆಮ್ಮನ ಕಿವಿಗೆ ಮದುವೆಯಾದಂದಿನಿಂದ ಬಡಿಯುತ್ತಲೇ ಇತ್ತು. ತವರೂರು ದೇವದುರ್ಗದಲ್ಲಿ ಬಸುರಿಯ ಕುಬಸದ ಕಾರ್ಯವಿರಲಿ, ಒಂದು ದೇವರ ಊಟವಿರಲಿ, ಅಕ್ಕ ಬರುವುದು ತನ್ನ ಸ್ವಂತ ಸವಾರಿ ಬಂಡಿಯಲ್ಲಿ. ಕಮಾನಿಗೆ ಹೊಸ ಚಾಪೆ, ಒಳಗೆ ಗಾದಿ, ಗಾದಿಯ ಮೇಲೆ ಅಡತಿ ಅಂಗಡಿಯ ಸಾಹುಕಾರ್ತಿ. ತಂಗಿ ಬರುವುದು ಬಸ್ಸಿನಲ್ಲಿ. ಮಡಿಲಲ್ಲಿ ಸ್ವಂತ ಮಗು, ಮಗ್ಗುಲಲ್ಲಿ ಯಾರದೋ ಕೋಳಿ. ("ಕೋಳಿ ಕಾಲಿಗಿ ಹಗ್ಗ ಕಟ್ಟಿದ್ರು ಬೇ, ಅದೇನ್ ಮಾಡೀತು?" ಎಂದು ಗಂಡ ರಾಮಲಿಂಗಪ್ಪ ಸಮಾಧಾನ ಹೇಳುತ್ತಿದ್ದ. ಅವನು ಹತ್ತಿ ಗಿರಣಿಯ ಗುಮಾಸ್ತ. ಕೋಳಿ ಏನು ಮಾಡುತ್ತದೆಂಬುದು ಸೀರೆ ಒಗೆಯುವವಳಿಗಷ್ಟೇ ಗೊತ್ತು.)

ಯುದ್ಧದ ದೆಸೆಯಿಂದ ಪೆಟ್ರೋಲು, ಸೀಮೆಎಣ್ಣೆ, ಸಕ್ಕರೆ ಎಲ್ಲವೂ ಮಾಯವಾಗಿದ್ದ ಆ ವರ್ಷ, ದೇವದುರ್ಗದ ಅಣ್ಣ ಸೂಗಪ್ಪನಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು. ಮೊದಲಿನ ಎರಡು ಗಂಡುಮಕ್ಕಳಿಗೂ ಬಸವಂತಮ್ಮನೇ ಮುಂದೆ ನಿಂತು ತನ್ನ ಗಂಡನ ಮನೆಯ ಹಿರಿಯರ ಹೆಸರನ್ನು ಹಂಚಿಬಿಟ್ಟಿದ್ದಳು. ಒಬ್ಬ ಗಡಿಗೆಪ್ಪ, ಇನ್ನೊಬ್ಬ ದೊಡ್ಡಪ್ಪ. ಈ ಸಲ ತನ್ನ ಅತ್ತೆ ಬಸಲಿಂಗಮ್ಮನ ಹೆಸರನ್ನು ಬುತ್ತಿಯ ಜೊತೆಗೇ ಕಟ್ಟಿಟ್ಟುಕೊಂಡಿದ್ದಾಳೆಂದು ಸುದ್ದಿ ಬಂತು. ಪಾರ್ವತೆಮ್ಮ ಆರಿಸಿಟ್ಟಿದ್ದ ಹೆಸರು ಸರೋಜಾ. ಎಷ್ಟು ಹಗುರ, ಎಷ್ಟು ನಯ! ಬಾಯಿಂದ ಬಂದರೆ ಊದಿದ ಹತ್ತಿಯ ಎಳೆಯ ಹಾಗೆ. ಸರೋಜಾ ಆಗಬೇಕಾದ ಕೂಸು ಬಸಲಿಂಗಮ್ಮನಾಗಿ ಬೆಳೆಯುವುದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಇಬ್ಬರು ಅಕ್ಕತಂಗಿಯರ ನಡುವೆ ಸಿಕ್ಕ ಸೂಗಪ್ಪ ಜಾಣತನದ ಒಂದು ತೀರ್ಪು ಹೇಳಿಕಳಿಸಿದ: "ದೀಪ ಹಚ್ಚೋದ್ರೊಳಗ ಯಾರು ಮೊದ್ಲ ಹೊಸ್ತಿಲ ದಾಟ್ತೀರೋ, ಅವರ ಹೆಸರಿಡ್ರಿ. ನನ್ನ ಮಾತ್ರ ಕೇಳಬ್ಯಾಡ್ರಿ."

ಆ ಕ್ಷಣವೇ ಪಾರ್ವತೆಮ್ಮನ ತಲೆಯಲ್ಲಿ ದಿವ್ಯವಾದ ಒಂದು ಯೋಜನೆ ಉದಯಿಸಿತು.

"ರೀ, ಮೋಟಾರ ಮಾಡ್ಕೊಂಡು ಹೋಗೂಣು."

"ಯಾವ ಮೋಟಾರ?"

"ಖಾಸ್ ಮೋಟಾರ. ನಾವು ಮೂವರ. ನಾ, ನೀವು, ಬೂದ್ಯಾ."

ಬೂದ್ಯಾ ಎಂದರೆ ಅವರ ಚೊಚ್ಚಲ ಮಗ ಬೂದೆಪ್ಪ, ಈಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತವನು. ರಾಮಲಿಂಗಪ್ಪ ಮಗನನ್ನೂ ಹೆಂಡತಿಯನ್ನೂ ನೋಡಿ, "ಯಾರಿಗಿ ಜ್ವರ ಬಂದದ, ನಿನಗೋ ಅವನಿಗೋ?" ಎಂದ.

"ಹೊಲಿಗಿ ದುಡ್ಡು ಕೂಡಿಟ್ಟೀನಿ. ನಿಮ್ಮ ಕಿಸೆಗಿ ಕೈ ಹಾಕಂಗಿಲ್ಲ."

ಕಿಸೆಯ ಚಿಂತೆ ಕಳೆದ ಮೇಲೆ ರಾಮಲಿಂಗಪ್ಪನಿಗೆ ಮೋಟಾರಿನಲ್ಲಿ ಬಹಳ ಗುಣಗಳು ಕಾಣತೊಡಗಿದವು.

ಹನುಮಂತ್ರಾಯನ ಬಾಡಿಗೆ ಮೋಟಾರು ಊರ ನಡುವಿನ ತೀನ್ ಕಂದೀಲ್ ಚೌಕದ ಹತ್ತಿರ ಬೇವಿನ ಮರದ ಕೆಳಗೆ ನಿಂತಿರುತ್ತಿತ್ತು. ಪೆಟ್ರೋಲು ಸಿಗದೆ ಬೇಸತ್ತ ಯಾರೋ ಸಾಹುಕಾರರಿಂದ ಅವನು ಅದನ್ನು ಕೊಂಡು, ಹಿಂಭಾಗಕ್ಕೆ ನೀರಿನ ಹಂಡೆಯಂಥ ಎತ್ತರದ ಕಬ್ಬಿಣದ ಪೀಪಾಯಿಯೊಂದನ್ನು ಕೂರಿಸಿದ್ದ. ಅದರಲ್ಲಿ ಇದ್ದಿಲು ತುಂಬಿ, ಬೆಂಕಿ ಹಾಕಿ, ಪಕ್ಕದ ಹಿಡಿಕೆ ತಿರುವಿ ಗಾಳಿ ಕೊಟ್ಟರೆ ಹುಟ್ಟುವ ಗ್ಯಾಸಿನಿಂದ ಮೋಟಾರು ಓಡುತ್ತಿತ್ತು. ಓಡುವಾಗ ನೋಡಿದವರಿಗೆ ಯಾರದೋ ಬಚ್ಚಲುಮನೆ ಸಂಸಾರದ ಮೇಲೆ ಮುನಿಸಿಕೊಂಡು ಊರು ಬಿಟ್ಟು ಹೊರಟ ಹಾಗೆ ಕಾಣುತ್ತಿತ್ತು.

"ಬ್ಯಾರೆ ಯಾರನ್ನೂ ಹತ್ತಿಸಬಾರ್ದಣ್ಣ," ಎಂದು ಪಾರ್ವತೆಮ್ಮ ಮೊದಲೇ ಕರಾರು ಹಾಕಿದಳು.

"ಛೇ ಛೇ, ಅಕ್ಕಾರ! ಖಾಸ್ ಸವಾರಿ ಅಂದ್ರ ಖಾಸ್ ಸವಾರಿ. ನೊಣ ಬಂದ್ರೂ ನಿಮ್ಮನ್ನ ಕೇಳಿ ಒಳಗ ಬಿಡ್ತೀನಿ."

"ಕೋಳಿ?"

"ಕೋಳಿ ಹೆಸರ ಎತ್ತಬ್ಯಾಡ್ರಿ."

"ಮತ್ತ, ನಡುವ ಎಲ್ಲೆರ ಒಂದು ನೋಡೋವಂಥ ಜಾಗದಾಗ ನಿಲ್ಲಿಸ್ಬೇಕು."

ಇಲ್ಲಿ ರಾಮಲಿಂಗಪ್ಪ ಬಾಯಿ ಹಾಕಿದ. "ಆ ದಾರ್ಯಾಗ ನೋಡೋದೇನದ ಬೇ? ಈ ಕಡಿ ಜ್ವಾಳ, ಆ ಕಡಿ ಹತ್ತಿ."

"ಜಾಹೆದಾ ಹೇಳ್ಯಾಳ." ಜಾಹೆದಾ ಪಕ್ಕದ ಮನೆಯಾಕೆ, ಹೈದರಾಬಾದು ಕಂಡು ಬಂದವಳು. "ಅಲ್ಲಿ ಮೋಟಾರದಾಗ ಹೋಗೋ ಮಂದಿ ನಡುವ ಇಳದು ಏನಾರ ನೋಡೇ ನೋಡ್ತಾರಂತ. ನೋಡಲಾರದ ಹೋದ್ರ ಅದು ಸವಾರಿ ಅಲ್ಲಂತ, ಸಾಗಾಣಿಕಿ ಅಂತ."

ಹನುಮಂತ್ರಾಯನ ಮುಖ ಒಮ್ಮೆಗೇ ಬೆಳಗಿತು. "ಮಲ್ಲಟದಾಗ ನಿಲ್ಲಸ್ತೀನ್ರಿ! ಹಳೀ ಕಾಲದ ಮೆಟ್ಲ ಬಾವಿ ಅದ. ಕಲ್ಲಿನ ಆನಿ, ಕಲ್ಲಿನ ಹಂಸ! ನೋಡಿದವ್ರು ಊಟ ಮರೀತಾರ."

(ಮಲ್ಲಟ ತನ್ನ ಹೆಂಡತಿಯ ತವರೂರೆಂದಾಗಲಿ, ಮೋಟಾರನ್ನು ಒಮ್ಮೆ ಅತ್ತೆಯ ಕಣ್ಣಿಗೆ ಬೀಳಿಸಬೇಕೆಂದು ತುದಿಗಾಲಲ್ಲಿ ನಿಂತಿದ್ದೇನೆಂದಾಗಲಿ ಅವನು ಹೇಳಲಿಲ್ಲ. ಕೇಳಬೇಕೆಂದು ಇವರಿಗೂ ಹೊಳೆಯಲಿಲ್ಲ.)

ಹೊರಡುವ ದಿನ ಬೆಳಗಾಗುವಷ್ಟರಲ್ಲಿ ಮೋಟಾರು ಮನೆ ಮುಂದೆ ಬಂದು ನಿಂತಿತು. ಪಾರ್ವತೆಮ್ಮ ಬೇಕೆಂದೇ ಮೂರು ಸಲ ಒಳಗೆ ಹೋಗಿ ಬಂದಳು. ಒಮ್ಮೆ ಬಜೆಬೇರಿಗೆ, ಒಮ್ಮೆ ಕೂಸಿನ ಕುಲಾವಿಗೆ, ಇನ್ನೊಮ್ಮೆ ಯಾವುದಕ್ಕೂ ಅಲ್ಲ. ಓಣಿಯವರೆಲ್ಲ ಹೊರಗೆ ಬಂದು ನೋಡಲು ಅಷ್ಟು ಹೊತ್ತಾದರೂ ಬೇಡವೇ? ಹಿಂದಿನ ಸೀಟಿನಲ್ಲಿ ಸೆರಗು ತುಂಬ ಹೊದ್ದು ಕೂತಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ದಾರಿಯುದ್ದಕ್ಕೂ ಬೂದ್ಯಾನ ಕಿವಿಗೆ ಬಾಯಿ ಹಚ್ಚಿ "ಸರೋಜಾ, ಸರೋಜಾ" ಎಂದು ಅಭ್ಯಾಸ ಮಾಡಿದಳು. ಕಚಗುಳಿಯಾಗಿ ಅವನು ಕೇಕೆ ಹಾಕಿ ನಕ್ಕ. ಹೆಸರು ಚೆನ್ನಾಗಿದೆಯೆಂಬುದಕ್ಕೆ ಅವಳಿಗೆ ಇನ್ನಾವ ಸಾಕ್ಷಿಯೂ ಬೇಕಾಗಲಿಲ್ಲ.

ಇಳುಕಲಿನಲ್ಲಿ ಮೋಟಾರು ಓಡಿತು, ಬಯಲಿನಲ್ಲಿ ನಡೆಯಿತು, ಏರಿನಲ್ಲಿ ಯೋಚಿಸಿತು. ಅದು ಯೋಚಿಸುವಾಗಲೆಲ್ಲ ರಾಮಲಿಂಗಪ್ಪ ಇಳಿದು ನಡೆದು, ಮುಂದಿನ ಮರದ ನೆರಳಿನಲ್ಲಿ ಕೂತು ಅದರ ದಾರಿ ಕಾದ. ಆದರೂ ಹೊತ್ತು ಏರುವ ಮೊದಲೇ ಮಲ್ಲಟ ಬಂತು. ದೀಪ ಹಚ್ಚುವ ಹೊತ್ತು ಇನ್ನೂ ಎಲ್ಲಿಯ ಮಾತು! ಅಕ್ಕನ ಎತ್ತುಗಳು ಹಿಂದಿನ ದಿನವೇ ಮಾನ್ವಿ ಬಿಟ್ಟಿದ್ದರೂ ಎಲ್ಲೋ ಮಣ್ಣು ಹಾರಿಸುತ್ತಿರಬೇಕು. ಪಾರ್ವತೆಮ್ಮನಿಗೆ ಅವುಗಳ ಮೇಲೆ ಕನಿಕರವೇ ಬಂತು.

ಮೋಟಾರು ನಿಂತದ್ದು ಬಾವಿಯ ಮುಂದಲ್ಲ, ಒಂದು ಮನೆಯ ಮುಂದೆ. ಒಳಗಿನಿಂದ ಹಿಟ್ಟಿನ ಕೈಯಲ್ಲೇ ಒಬ್ಬ ಮುದುಕಿ ಓಡಿಬಂದಳು. ಹೆಸರು ಮೂಕಮ್ಮ. ಹನುಮಂತ್ರಾಯನ ಅತ್ತೆ. ಹುಟ್ಟಿದಾಗ ಹೆಸರಿಟ್ಟವರು ಅವಳ ಬಾಯಿ ಮುಂದೆ ಹೇಗಾದೀತೆಂದು ಊಹಿಸಿರಲಿಲ್ಲ.

"ಯಪ್ಪಾ, ಅಳಿಯ ಬಂದ! ಯವ್ವಾ, ಇದೇನ ಮೋಟಾರ! ಯಾರ ತಾಯಿ ನೀನು, ಬಾ, ಕೂಸಿನ್ನ ಇತ್ತ ಕೊಡು, ಎಷ್ಟ ಛಂದದ, ದೃಷ್ಟಿ ತಾಗೀತು, ಒಳಗ ಬಾ, ಕಾಲಿಗಿ ನೀರು ಕೊಡ್ರಿ ಯಾರರ!"

"ಬಾವಿ ಎಲ್ಲದಣ್ಣ?" ಎಂದಳು ಪಾರ್ವತೆಮ್ಮ.

"ಬಾವಿ ಎಲ್ಲಿ ಹೋಗ್ತದ್ರೀ ಅಕ್ಕಾರ? ನಿಮ್ಮಜ್ಜನ ಕಾಲದಿಂದ ಅಲ್ಲೇ ಅದ. ಉಂಡು ನೋಡೂಣು."

ಬಾಗಿಲಿಗೆ ಬಂದವರು ಉಣ್ಣದೆ ಹೋಗುವಂತಿಲ್ಲ. ಅದೂ ಅಳಿಯ ಕರೆತಂದವರು! ಮೂಕಮ್ಮ ಹೋಳಿಗೆಗೆ ಬೇಳೆ ಬೇಯಿಸಲು ಇಟ್ಟಳು. ಮೋಟಾರು ನೋಡಲು ಬಂದ ಹೆಂಗಸರು ಪಾರ್ವತೆಮ್ಮನನ್ನು ನೋಡಿ, ಬೂದ್ಯಾನ ಗಲ್ಲ ಹಿಂಡಿ ಹೋದರು. ಹೋದವರು ಸ್ವಲ್ಪ ಹೊತ್ತಿಗೆ ಮರಳಿ ಬಂದರು, ಕೈಯಲ್ಲಿ ಮೊರ ಹಿಡಿದು. ಅಕ್ಕಿಯಿದ್ದವರು ಅಕ್ಕಿ, ಇಲ್ಲದವರು ಜೋಳ. ಅದರ ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು. "ಉಡಿ ಒಡ್ಡ ತಾಯಿ," ಎಂದರು. ಗಂಡುಕೂಸನ್ನು ಎತ್ತಿಕೊಂಡು ಮೊದಲ ಸಲ ಊರಿಗೆ ಬಂದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ಒಬ್ಬಳು ತುಂಬಿ ಹೋದರೆ ಇನ್ನೊಬ್ಬಳು. ಉಡಿ ತುಂಬಿದಾಗ ಬೇಡವೆನ್ನಬಾರದು, ತುಂಬಿದ್ದನ್ನು ಬಿಟ್ಟು ಹೋಗಲೂ ಬಾರದು. ರಾಮಲಿಂಗಪ್ಪ ಗಂಟು ಕಟ್ಟಿ ಕಟ್ಟಿ ಮೋಟಾರಿನಲ್ಲಿಟ್ಟು, ಕೊನೆಗೆ ತನ್ನ ಹೆಗಲ ವಸ್ತ್ರವನ್ನೂ ಬಿಚ್ಚಿಕೊಟ್ಟ.

ಪಾರ್ವತೆಮ್ಮ ಉಡಿಯನ್ನು ಇನ್ನಷ್ಟು ಅಗಲವಾಗಿ ಒಡ್ಡಿದಳು. ತವರಿನಲ್ಲೂ ಇಷ್ಟು ಮಂದಿ ಅವಳಿಗೆ ಉಡಿ ತುಂಬಿರಲಿಲ್ಲ. "ನೋಡಿದ್ರೇನ್ರೀ," ಎಂದು ಗಂಡನ ಕಡೆ ಬಾಗಿ ಪಿಸುಗುಟ್ಟಿದಳು, "ಮೋಟಾರದಾಗ ಬಂದವ್ರ ಮರ್ಯಾದಿನ ಬ್ಯಾರೆ!"

"ಹೂಂ. ಹೋಳಿಗಿನೂ ಬ್ಯಾರೆ ಅದ," ಎಂದ ರಾಮಲಿಂಗಪ್ಪ, ಇನ್ನೊಂದಕ್ಕೆ ತಟ್ಟೆ ಒಡ್ಡುತ್ತ.

ಹೋಳಿಗೆ ನಿಜಕ್ಕೂ ಬೇರೆಯೇ ಇತ್ತು. ಒಂದರಲ್ಲೂ ಕಪ್ಪು ಕಲೆಯಿಲ್ಲ, ಹೊಗೆಯ ವಾಸನೆಯಿಲ್ಲ, ಅಂಚಿನಿಂದ ಅಂಚಿಗೆ ಒಂದೇ ಹದದ ಹೊಂಬಣ್ಣ. "ಎಂಥಾ ಹದ ಯವ್ವಾ ನಿನ್ನ ಕೈದು!" ಎಂದು ಪಾರ್ವತೆಮ್ಮ ಮನಸಾರೆ ಹೊಗಳಿ, ತಾನೂ ಇನ್ನೊಂದು ಹಾಕಿಸಿಕೊಂಡಳು.

ಆಗ ಹೊರಗಿನಿಂದ ಹನುಮಂತ್ರಾಯನ ಕೂಗು ಕೇಳಿತು.

"ಅತ್ತೀ! ಹಿಂದ ಕಟ್ಟಿದ್ದ ಚೀಲ ಎಲ್ಲಿ?"

"ಯಾವ ಚೀಲಪಾ?"

"ಇದ್ಲಿ ಚೀಲ! ಪೀಪಾಯಿಗಿ ಹಾಕೋದು!"

"ಅಯ್ಯ, ಅದನ?" ಮೂಕಮ್ಮನ ಮುಖ ಅರಳಿತು. "ಏನ್ ಛಲೋ ಇದ್ಲಿ ತಂದಿ ನನ್ನಪ್ಪ! ನನ್ನ ಅಳಿಯ ಎಂದಾರ ಬರಿಗೈಲೆ ಬಂದಾನ? ಮೋಟಾರದ ತುಂಬ ನೋಡಿದೆ. ಬಾಳೆಹಣ್ಣಿಲ್ಲ, ಬೆಲ್ಲಿಲ್ಲ. ಹಿಂದ ಚೀಲ ಕಾಣ್ತು. ನಮ್ಮತ್ತಿ ಕುಳ್ಳು, ಹತ್ತಿಕಟಿಗಿ ಊದಿ ಊದಿ ಕಣ್ಣ ಕಳಕೊಂಡಾಳಂತ ತಂದಾನ, ಪಾಪ, ಅಂದೆ. ಹೊಗಿ ಇಲ್ಲದ ಬೆಂಕಿ ನೋಡಪಾ! ಹೋಳಿಗಿ ಹ್ಯಾಂಗ ಬಂದಾವ ಕೇಳು ಆ ತಾಯಿನ್ನ."

ಆ ತಾಯಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಉಳಿದದ್ದರ ಎಲ್ಲದ?" ಹನುಮಂತ್ರಾಯನ ಧ್ವನಿ ತೆಳ್ಳಗಾಗಿತ್ತು.

"ಓಣಿಗೆಲ್ಲ ಬೀರಿದೆ. ಅಳಿಯ ತಂದದ್ದು ಒಬ್ಬಾಕಿನ ಇಟ್ಕೋತಾರೇನು? ಮನಿಗೊಂದು ಮೊರ ಕೊಟ್ಟೆ. ಅವರರ ಸುಮ್ನ ಇರ್ತಾರ? ಬರಿ ಮೊರ ತಿರುಗಿ ಕೊಡಬಾರ್ದಂತ ಆ ಮೊರದಾಗ ಕಾಳ ಹಾಕ್ಕೊಂಡು ಬಂದು ಈ ತಾಯಿಗಿ ಉಡಿ ತುಂಬಿ ಹೋದ್ರು."

ಪಾರ್ವತೆಮ್ಮ ಒಮ್ಮೆ ತನ್ನ ಉಡಿ ನೋಡಿಕೊಂಡಳು. ಅಕ್ಕಿಯಲ್ಲಿ ಅಲ್ಲಲ್ಲಿ ಕಪ್ಪು ಪುಡಿ ಕಾಣುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ತನ್ನ ಮುಖದ ಕಳೆಗೆ ಬಂದದ್ದೆಂದುಕೊಂಡಿದ್ದ ಮರ್ಯಾದೆಯೆಲ್ಲ ಇದ್ದಿಲಿಗೆ ಬಂದ ಮುಯ್ಯಿಯಾಗಿತ್ತು.

ರಾಮಲಿಂಗಪ್ಪ ನಿಧಾನವಾಗಿ ಬೆರಳು ನೆಕ್ಕಿ ಹೇಳಿದ: "ಪಾರ್ವತೀ, ದೇವದುರ್ಗದ ದಾರಿ ಅರ್ಧ ನಾನ ಉಂಡಂಗ ಕಾಣ್ತದ."

"ಹೋಗಿ ಇಸಗೊಂಡು ಬಾ ಅತ್ತೀ," ಎಂದು ಹನುಮಂತ್ರಾಯ ಅಂಗಲಾಚಿದ.

"ಬೀರಿದ್ದು ತಿರುಗಿ ಕೇಳ್ತಾರೇನಪಾ? ಅಳಿಯ ತಂದದ್ದು ಕಸಗೊಂಡು ಹೋದ ಅಂತ ಊರ ಮಂದಿ ನನ್ನ ಮಾರಿ ಮ್ಯಾಲ ಉಗುಳಂಗಿಲ್ಲೇನು? ನಾ ಸತ್ರೂ ಕೇಳಂಗಿಲ್ಲ." ಕೇಳಿದರೂ ಸಿಗುವಂತಿರಲಿಲ್ಲ. ಓಣಿಯ ಒಂದು ಮಾಡಿನಿಂದಲೂ ಹೊಗೆ ಏಳುತ್ತಿರಲಿಲ್ಲ, ಎಲ್ಲ ಮನೆಯಿಂದಲೂ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಮಲ್ಲಟವೆಲ್ಲ ಪಾರ್ವತೆಮ್ಮನ ಪ್ರಯಾಣದ ಮೇಲೆ ಅಡುಗೆ ಮಾಡುತ್ತಿತ್ತು.

ಪೀಪಾಯಿಯೊಳಗಿನ ಬೆಂಕಿ ಬೂದಿಯಾಗಿತ್ತು. ಬಸ್ಸು ಬೆಳಿಗ್ಗೆಯೇ ದಾಟಿ ಹೋಗಿತ್ತು. ಹೊತ್ತು ನೆತ್ತಿಗೆ ಬಂದಾಗ, ಮಾನ್ವಿಯ ಕಡೆಯಿಂದ ಆ ಗೆಜ್ಜೆಸರದ ಸದ್ದು ಕೇಳಿಸಿತು. ಪಾರ್ವತೆಮ್ಮ ಓಡಿಹೋಗಿ ನಿಂತ ಮೋಟಾರಿನೊಳಗೆ ಕೂತು, ಸೆರಗು ಸರಿಮಾಡಿಕೊಂಡಳು.

ಬಂಡಿ ಪಕ್ಕಕ್ಕೆ ಬಂದು ನಿಂತಿತು. ಕಮಾನಿನಿಂದ ಬಸವಂತಮ್ಮನ ಮುಖ ಹೊರಗೆ ಬಂತು.

"ಲೇ ಪಾರೀ! ಇಲ್ಲ್ಯಾಕ ಕುಂತೀ ಬೇ?"

"ಬಾವಿ ನೋಡಾಕ ನಿಂತೀವಕ್ಕ. ಮೋಟಾರದಾಗ ಹೋಗೋರು ಹಂಗ ನಿಲ್ತಾರ."

"ಬಾವಿ ಎಲ್ಲದ?"

ಪಾರ್ವತೆಮ್ಮ ಸುತ್ತಲೂ ನೋಡಿದಳು. ಬಾವಿಯನ್ನು ಅವಳೂ ಇನ್ನೂ ಕಂಡಿರಲಿಲ್ಲ. ಅಷ್ಟರಲ್ಲಿ ಮೂಕಮ್ಮ ಬಂದು, ಯಾರೂ ಕೇಳದಿದ್ದರೂ ಇದ್ದಿಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದಳು. ಬಸವಂತಮ್ಮ ಬಂಡಿಯ ಕಮಾನು ಅಲುಗಾಡುವಂತೆ ನಕ್ಕಳು. ನಕ್ಕು, ಕಣ್ಣೊರೆಸಿಕೊಂಡು, "ಬಾ, ನನ್ನ ಬಂಡಿ ಹತ್ತು," ಎಂದಳು.

"ಹತ್ತಂಗಿಲ್ಲ."

"ಹಟ ಮಾಡಬ್ಯಾಡ. ಹೊತ್ತಾಗ್ತದ."

"ಮೋಟಾರದಾಗ ಬರ್ತೀನಂತ ಅಣ್ಣಗ ಹೇಳಿ ಕಳಿಸೀನಿ. ನಿನ್ನ ಬಂಡ್ಯಾಗಿಂದ ಇಳದ್ರ ಓಣಿ ಮಂದಿ ನಗಂಗಿಲ್ಲೇನು? ನೀ ಹೋಗಕ್ಕ. ಹೋಗಿ ನೀನ ಹೆಸರಿಡು." ಕೊನೆಯ ಮಾತಿಗೆ ಅವಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಅಮ್ಮನ ಮುಖ ನೋಡಿ ಬೂದ್ಯಾನೂ ತುಟಿ ಹೊರಚಾಚಿದ.

ಬಸವಂತಮ್ಮ ಬಂಡಿಯಿಂದ ಇಳಿದಳು. ತಂಗಿ ಅತ್ತರೆ ಅವಳಿಂದ ನೋಡಲಾಗುತ್ತಿರಲಿಲ್ಲ. ಬಾಲ್ಯದಿಂದಲೂ ಅವಳನ್ನು ಅಳಿಸುತ್ತಿದ್ದವಳೂ ಅವಳೇ, ರಮಿಸುತ್ತಿದ್ದವಳೂ ಅವಳೇ. ಮೋಟಾರಿನ ಬಾಗಿಲ ಹತ್ತಿರ ಬಂದು, ಒಳಗೆ ಕೈ ಚಾಚಿ ಸೀಟನ್ನು ಒಮ್ಮೆ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ಗಾದಿಗಿಂತ ಮೆತ್ತಗ ಅದಲ್ಲ ಬೇ ಇದು?"

"ಕುಂತು ನೋಡಬೇಕು, ಒತ್ತಿ ನೋಡಿದ್ರ ಏನ್ ತಿಳೀತದ?" ಎಂದಳು ಪಾರ್ವತೆಮ್ಮ, ಮೂಗು ಒರೆಸಿಕೊಳ್ಳುತ್ತ.

ಬಸವಂತಮ್ಮ ಕೂತು ನೋಡಿದಳು. ಕೂತವಳು ಇಳಿಯಲಿಲ್ಲ. ಒಳಗಿನಿಂದಲೇ ತನ್ನ ಬಂಡಿ ಹೊಡೆಯುವ ಅಯ್ಯಣ್ಣನಿಗೆ ಕೂಗಿ ಹೇಳಿದಳು: "ಅಯ್ಯಣ್ಣ, ಹಗ್ಗ ತಂದು ಈ ಮೋಟಾರ ನಮ್ಮ ಬಂಡಿಗಿ ಕಟ್ಟು!" ಆಮೇಲೆ ತಂಗಿಯ ಕಡೆ ತಿರುಗಿ, "ಹೆಸರಿನ ಮಾತು ಹೊಸ್ತಿಲದಾಗ ನೋಡೂಣು. ಅಲ್ಲೀತನಕ ಸುಮ್ನ ಕುಂದ್ರು," ಎಂದಳು.

ಹೀಗೆ ಆ ರಾಜಸವಾರಿ ಹೊರಟಿತು. ಮುಂದೆ ಎತ್ತು, ಎತ್ತಿನ ಹಿಂದೆ ಬಂಡಿ, ಬಂಡಿಯಲ್ಲಿ ಉಡಿಗಂಟುಗಳ ನಡುವೆ ಬೂದ್ಯಾನನ್ನು ತಬ್ಬಿ ಕೂತ ರಾಮಲಿಂಗಪ್ಪ, ಅದರ ಹಿಂದೆ ಹಗ್ಗ, ಹಗ್ಗದ ತುದಿಗೆ ಮೋಟಾರು. ಹನುಮಂತ್ರಾಯ ಚಕ್ರ ಹಿಡಿದು, ತಾನೇ ಎಳೆದುಕೊಂಡು ಹೋಗುತ್ತಿರುವವನಂತೆ ಗಂಭೀರವಾಗಿ ಕೂತಿದ್ದ. ದಾರಿಯಲ್ಲಿ ಒಂದು ಹಳ್ಳಿ ಬಂದಾಗ, ಜನ ಕಂಡ ಹುರುಪಿನಲ್ಲಿ ಪೋಂ ಎಂದು ಹಾರನ್ನು ಒತ್ತಿದ. ಎತ್ತುಗಳು ಬೆದರಿ ನಾಗಾಲೋಟ ಕಿತ್ತವು. ಬೆಳಗಿನಿಂದ ಆ ಮೋಟಾರು ಅಷ್ಟು ಜೋರಾಗಿ ಒಮ್ಮೆಯೂ ಓಡಿರಲಿಲ್ಲ. "ಇನ್ನೊಮ್ಮೆ ಒತ್ತಣ್ಣ!" ಎಂದರು ಅಕ್ಕತಂಗಿಯರಿಬ್ಬರೂ ಒಂದೇ ಉಸಿರಿಗೆ. ರಾಮಲಿಂಗಪ್ಪ ಮಾತ್ರ ಮುಂದಿನಿಂದ ಬೇಡ ಬೇಡವೆಂದು ಕೈ ಆಡಿಸುತ್ತಿದ್ದ. ಅದು ಆಶೀರ್ವಾದವೆಂದು ತಿಳಿದು ಹಳ್ಳಿಯ ಮಂದಿ ಕೈ ಮುಗಿದರು.

ದೇವದುರ್ಗ ಬಂದಾಗ ಹೊತ್ತು ಮುಳುಗಿ ಮಬ್ಬು ಕವಿಯುತ್ತಿತ್ತು. ಮೋಟಾರು ನಿಲ್ಲುವ ಮೊದಲೇ ಎರಡು ಬಾಗಿಲಿನಿಂದ ಇಬ್ಬರೂ ಜಿಗಿದು ಓಡಿದರು. ಅಣ್ಣನ ಮನೆಯ ಬಾಗಿಲು ಒಬ್ಬರಿಗೆಂದು ಮಾಡಿದ್ದು. ಅಡತಿ ಅಂಗಡಿಯ ತುಪ್ಪದಲ್ಲಿ ಬೆಳೆದ ಬಸವಂತಮ್ಮನೂ ಮಲ್ಲಟದ ಹೋಳಿಗೆಯಲ್ಲಿ ಈಗಷ್ಟೇ ಬೆಳೆದಿದ್ದ ಪಾರ್ವತೆಮ್ಮನೂ ಅದರಲ್ಲಿ ಭುಜಕ್ಕೆ ಭುಜ ಹತ್ತಿ ಸಿಕ್ಕಿಬಿದ್ದರು.

"ನನ್ನ ಕಾಲ ಮೊದ್ಲ!"

"ನಂದು ಅಕ್ಕ! ಬೆರಳ ನೋಡು!"

ಒಳಗೆ ದೀಪ ಉರಿಯುತ್ತಿತ್ತು. ತೊಟ್ಟಿಲು ತೂಗುತ್ತಿತ್ತು. ತೊಟ್ಟಿಲ ಹಗ್ಗ ಪಕ್ಕದ ಮನೆಯ ಮುದುಕಿ ದಾವಲ್ ಬೀ ಕೈಯಲ್ಲಿತ್ತು.

"ಹೆಸರ ಆತು," ಎಂದ ಸೂಗಪ್ಪ, ಕಂಬದ ಮರೆಯಿಂದ. "ಹೊತ್ತ ಮೀರಾಕತ್ತಿತ್ತು. ಇಬ್ರೂ ಬರಲಿಲ್ಲ. ದಾವಲ್ ಬೀ ನನಗ ಹಿರಿ ಅಕ್ಕ ಇದ್ದಂಗ, ಅದಕ್ಕ..."

"ಏನಂತ ಇಟ್ಟಿ?" ಎಂದರು ಇಬ್ಬರೂ, ಬಾಗಿಲಿನಲ್ಲಿ ಸಿಕ್ಕಿಕೊಂಡೇ.

"ನಿಮ್ಮ ಮಂದಿ ಹೆಸರು ನನಗೇನ್ ತಿಳೀತದವ್ವ?" ಎಂದಳು ದಾವಲ್ ಬೀ. "ಹಡದಾಕಿನ್ನ ಕೇಳಿದೆ. ಅಂಬಮ್ಮ ಅಂದ್ಳು. ಅಂಬಮ್ಮ ಅಂತ ಇಟ್ಟೆ."

ಮೂಲೆಯ ಹೊರಸಿನ ಮೇಲಿದ್ದ ಅತ್ತಿಗೆ ಚನ್ನಮಲ್ಲಮ್ಮ ತಲೆ ತಗ್ಗಿಸಿ, ಆದರೆ ತುಟಿ ತುಂಬ ನಗುತ್ತ, "ನಮ್ಮವ್ವನ ಹೆಸರ್ರೀ," ಎಂದಳು. "ಮೊದಲಿನ ಎರಡಕ್ಕ ಯಾರೂ ಕೇಳಿದ್ದಿಲ್ಲ."

ಬಸವಂತಮ್ಮ ಮುಖ ಆಚೆ ತಿರುಗಿಸಿದಳು. ಪಾರ್ವತೆಮ್ಮನಿಗೆ ತನ್ನ ಬೂದ್ಯಾ ನೆನಪಾದ. ನಾದಿನಿ ಅವನ ಕಿವಿಯಲ್ಲಿ ಬೂದೆಪ್ಪ ಎಂದು ಉಸುರುವಾಗ ತನ್ನನ್ನಾದರೂ ಯಾರು ಕೇಳಿದ್ದರು? ಅವಳು ಬಾಗಿಲಿನಿಂದ ಬಿಡಿಸಿಕೊಂಡು ಬಂದು, ತೊಟ್ಟಿಲಿಗೆ ಬಾಗಿ ಕೂಸಿನ ಗಲ್ಲ ಮುಟ್ಟಿ, "ಅಂಬಮ್ಮ," ಎಂದಳು. ಕೂಸು ಕಣ್ಣು ಬಿಟ್ಟು ನೋಡಿತು. ಸರೋಜಾಗಿಂತ ಅದೇ ಒಪ್ಪುವಂತಿತ್ತು. ಒಪ್ಪದಿದ್ದರೂ ಮಾಡುವುದೇನಿತ್ತು?

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ನೆರೆದ ಹೆಂಗಸರೆಲ್ಲ ಕೈ ತುಂಬ ಗುದ್ದು ಹಾಕಬೇಕೆಂಬುದು ಪದ್ಧತಿ. ದಾವಲ್ ಬೀಯ ಬಾಗಿದ ಬೆನ್ನು ನೋಡಿ ಯಾರಿಗೂ ಕೈ ಎತ್ತುವ ಮನಸ್ಸಾಗಿರಲಿಲ್ಲ. ಗುದ್ದುಗಳೆಲ್ಲ ಹಾಗೇ ಮುಷ್ಟಿಗಳಲ್ಲಿ ಉಳಿದುಬಿಟ್ಟಿದ್ದವು.

"ಖರೇ ಸೋದರತ್ತಿಗಳು ಬಂದ್ರಲ್ಲ!" ಎಂದು ಯಾರೋ ಕೂಗಿದರು.

ಮುಂದಿನದನ್ನು ವಿವರಿಸುವುದು ಬೇಡ. ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಬೋರಲಾಗಿ ಮಲಗಿದ್ದ ಹೆಂಡತಿಯ ಬೆನ್ನಿಗೆ ರಾಮಲಿಂಗಪ್ಪ ಬಿಸಿ ಎಣ್ಣೆ ತಿಕ್ಕುತ್ತಿದ್ದ. "ಹೆಸರ ಇಡಲಿಲ್ಲ, ಬಾವಿ ನೋಡಲಿಲ್ಲ, ಬೆನ್ನ ಮುರಸ್ಕೊಂಡಿ," ಎಂದ ಅವನು. "ಬಸ್ಸಿನಾಗ ಬಂದಿದ್ರ..."

"ಸುಮ್ನಿರ್ರಿ," ಎಂದಳು ಪಾರ್ವತೆಮ್ಮ, ನೋವಿನಲ್ಲೂ ಕತ್ತೆತ್ತಿ. ಪಕ್ಕದಲ್ಲಿ ಅಕ್ಕನೂ ಬೋರಲಾಗಿಯೇ ಮಲಗಿದ್ದಾಳೆಂದು ನೋಡಿಕೊಂಡು, ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ಅಕ್ಕಗ ಸಿಕ್ಕಂಗ ಗುದ್ದಿದ್ರು. ನಂಗ ಹಂಗಲ್ಲ. ಮೋಟಾರದಾಗ ಬಂದಾಕಿ ಯಾರು ಅಂತ ಕೇಳಿ, ಹುಡುಕ್ಯಾಡಿ ಬಂದು ಗುದ್ದ್ಯಾರ!"